ಅಂಗಡಿಗೆ ಬರುವ ಮುಂಚಿನ ಚಿಪ್

ಹೊಸ ಪ್ರೊಸೆಸರ್ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಪರೀಕ್ಷೆ ಮಾಡಿ ಬರೆಯಲೆಂದು ಕಂಪನಿ ಕಳಿಸಿದ್ದ ಒಂದು ಮಾತ್ರ ಕಂಪ್ಯೂಟರ್ ಪತ್ರಿಕೆಗೆ ಬರೆಯುವ ರೊಂಗ್‌ಯಾನ್‌ನ ಮೇಜಿನ ಮೇಲೆ ಓಡುತ್ತಿತ್ತು. ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತ ಎಷ್ಟೋ ಹೆಚ್ಚು ವೇಗಕ್ಕೆ ಏರಿಸಿದರೂ ಸಾಧಾರಣ ಫ್ಯಾನಿನ ಗಾಳಿಗೇ ತಣ್ಣಗಿತ್ತು. ಯಾರು ಕೊಂಡರೂ ಹೀಗೇ ಓಡುತ್ತದೆ ಎಂದು ಕಂಪನಿ ಸಾರಿತ್ತು. ಅವನಿಗೆ ಆ ತಂಪೇ ಅನುಮಾನ ತಂದಿತು. ಬೇರೆ ಪತ್ರಿಕೆಗಳ ಗೆಳೆಯರಿಗೆ ಫೋನ್ ಮಾಡಿ ಅವರ ಚಿಪ್ಪಿನ ಬೆನ್ನ ಮೇಲಿನ ಗುರುತು ಕೇಳಿದ. ಎಲ್ಲವೂ ಒಂದೇ ಕಂತಿನವು. ರಾಶಿಯಿಂದ ಗಟ್ಟಿ ಕಾಳು ಹೆಕ್ಕಿದಂತೆ ಹೆಕ್ಕಿ ಕಳಿಸಿದ್ದರು.

ಮಾಮೂಲು ಸರಕಿನಿಂದ ಒಂದು ಕೊಡಿ ಎಂದು ಕಂಪನಿಯ ಟೆಂಗ್‌ನನ್ನು ಕೇಳಿದ. ಟೆಂಗ್ ನಕ್ಕ.

“ಅಣ್ಣ, ಹೆಣ್ಣು ನೋಡೋಕೆ ಬಂದೋರ ಮುಂದೆ ಹರಕು ಬಟ್ಟೆ ಹಾಕಿ ಕೂರಿಸ್ತಾರಾ?”

“ಕಟ್ಕೊಳ್ಳೋದು ಬಟ್ಟೇನಲ್ಲವಲ್ಲಪ್ಪಾ.”

ಮಾರಾಟ ಶುರುವಾಗುವವರೆಗೆ ಕಂಪನಿಯ ಅಂಕಿಗಳನ್ನಷ್ಟೇ ಬರೆಯುತ್ತೇನೆಂದು ಅವನು ಸಹಿ ಹಾಕಿದ್ದ. ಮುರಿದರೆ ಮುಂದೆ ಯಾರೂ ಚಿಪ್ ಕಳಿಸರು; ಅನ್ನಕ್ಕೇ ಕಲ್ಲು. ಸುಳ್ಳು ಬರೆಯಲೂ ಕೈ ಬರಲಿಲ್ಲ. ಏನೂ ಬರೆಯದೆ ಉಳಿದ. ಕಂಪ್ಯೂಟರ್ ಸಾಮಾನಿನ ಗುವಾಂಗ್‌ಹುವಾ ಮಾರುಕಟ್ಟೆಯಲ್ಲಿ ಅವನ ಲೇಖನ ಓದಿಯೇ ಸರಕು ತರಿಸುವವರಿದ್ದರು. ತನ್ನ ಮೌನದ ಅರ್ಥ ಅವರಿಗೆ ತಿಳಿದೀತು, ಅಲ್ಲಿ ಅಂಗಡಿ ಇಟ್ಟಿದ್ದ ಬಾವ್‌ಚು ಅಕ್ಕನಿಗಂತೂ ಖಂಡಿತ ತಿಳಿಯುತ್ತದೆ ಎಂದುಕೊಂಡ.

ಮಾರಾಟದ ದಿನ ಅವಳ ಅಂಗಡಿಗೆ ಹೋದಾಗ ಹೊಸ ಚಿಪ್ಪಿನ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಿದ್ದಳು. ಒಂದನ್ನು ಕೊಂಡು ಅಲ್ಲೇ ಜೋಡಿಸಿ ವೇಗ ಏರಿಸಿದ. ಪರದೆ ಕಪ್ಪಾಯಿತು. ಇನ್ನೊಂದು ಪೆಟ್ಟಿಗೆ ಬಿಚ್ಚಿದ. ಅದೂ ಅಷ್ಟೇ. ಪೆಟ್ಟಿಗೆಯ ಮೇಲೆ ಬರೆದ ವೇಗಕ್ಕೇನೋ ಓಡುತ್ತಿದ್ದವು. ಹಾಗಾಗಿ ಕಂಪನಿ ವಾಪಸ್ ತೆಗೆದುಕೊಳ್ಳುವಂತಿರಲಿಲ್ಲ.

ಬಾವ್‌ಚು ಬಿಚ್ಚಿದ ಪೆಟ್ಟಿಗೆಗಳನ್ನು ಬದಿಗೆ ಸರಿಸಿದಳು.

“ಮಿಕ್ಕೋರೆಲ್ಲ ಹೊಗಳಿ ಬರೆದ್ರು, ನಂಬಿ ತರಿಸ್ದೆ. ನಿಂದು ಕಾಣ್ಲಿಲ್ಲ. ಹುಷಾರಿಲ್ವೇನೋ ಅಂದ್ಕೊಂಡೆ ಕಣೋ,” ಎಂದಳು.

ಅವನು ಬಂದರೆ ಇರಲಿ ಎಂದು ಮನೆಯಿಂದ ಶುಂಠಿ ಹಾಕಿದ ಕೋಳಿಸಾರು ತಂದಿದ್ದಳು. ಸ್ಟೂಲು ಎಳೆದು ಕೂರಿಸಿ, ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟಳು. ಅವನು ಅದನ್ನು ಪೆಟ್ಟಿಗೆಯೊಂದರ ಮೇಲಿಟ್ಟ.

ಗಿರಾಕಿಯೊಬ್ಬ ಬಂದು, ಇದು ನಿಜವಾಗಿ ಅಷ್ಟು ವೇಗಕ್ಕೆ ಓಡುತ್ತದೆಯೇ ಎಂದು ಕೇಳಿದ. ಬಾವ್‌ಚು ರೊಂಗ್‌ಯಾನ್‌ನತ್ತ ತಿರುಗಿದಳು.

“ಓಡಲ್ಲ,” ಎಂದ ಅವನು.

ಗಿರಾಕಿ ಹೊರಟುಹೋದ. ಅವನ ಹಿಂದೆ ನಿಂತಿದ್ದವರೂ ಒಬ್ಬೊಬ್ಬರಾಗಿ ಕರಗಿದರು.

“ಕುಡಿ,” ಎಂದಳು ಬಾವ್‌ಚು. “ಆರಿಹೋಗತ್ತೆ.”