ಹಗುರ ಕಾರಿನ ಗಟ್ಟಿ ಬ್ರೇಕು

ನಾನು ಹುಬ್ಬಳ್ಳಿಗೆ ಬಂದದ್ದು ಮರದ ಪೆಟ್ಟಿಗೆಗಳಲ್ಲಿ. ಒಂದರಲ್ಲಿ ಚೌಕ ಪೈಪುಗಳ ಹಂದರ, ಇನ್ನೊಂದರಲ್ಲಿ ಫೈಬರಿನ ಮೈ, ಉಳಿದವುಗಳಲ್ಲಿ ಸ್ಪ್ರಿಂಗು, ನಟ್ಟು, ಬೋಲ್ಟು. ನನ್ನಂಥವರನ್ನು ಕಿಟ್ ಕಾರು ಅನ್ನುತ್ತಾರೆ. ಶೋರೂಮಿನ ಗಾಜಿನ ಹಿಂದೆ ಮಿಂಚುತ್ತ ನಿಲ್ಲುವುದು ನಮ್ಮ ಹಣೆಯಲ್ಲಿಲ್ಲ. ಬಿಡಿಭಾಗಗಳಾಗಿ ಬಂದು, ಯಾರದೋ ಕೈಯಲ್ಲಿ ಕಾರಾಗುತ್ತೇವೆ. ನನ್ನನ್ನು ಕಾರು ಮಾಡಿದವರು ಗೋಕುಲ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ದಯಾನಂದ ಪತ್ತಾರರು.

ಅವರದು ಬಂಗಾರದ ಕೆಲಸದ ಮನೆತನ. ಅವರೊಬ್ಬರೇ ಒಡವೆ ಬಿಟ್ಟು ಎಂಜಿನ್ನಿನ ಹಿಂದೆ ಬಿದ್ದವರು. ಆದರೂ ತೂಗಿ ನೋಡುವ ಚಟ ಅವರನ್ನು ಬಿಟ್ಟಿರಲಿಲ್ಲ. ನನಗೆ ಕೂಡಿಸುವ ಪ್ರತಿಯೊಂದು ಭಾಗವನ್ನೂ ಮೊದಲು ತಕ್ಕಡಿಗೆ ಹಾಕುತ್ತಿದ್ದರು. ಸೀಟಿನ ಕೆಳಗಿನ ತಗಡು ಭಾರವಾಯಿತೆಂದು ತೂತು ಕೊರೆದು ಹಗುರ ಮಾಡಿದರು. ನೋಡಲು ಬಂದ ಗೆಳೆಯರೊಬ್ಬರು, “ಇಷ್ಟ್ಯಾಕ ತ್ರಾಸ್ ತಗೋತೀರಿ ಪತ್ತಾರ? ದೊಡ್ಡ ಎಂಜಿನ್ ಕುಂದರಸರಿ, ಓಡ್ತದ” ಅಂದರು.

“ದೊಡ್ಡ ಎಂಜಿನ್ ನೆಟ್ಟಗಿನ ರೋಡಿನ್ಯಾಗಷ್ಟ ಜೋರ್ ಓಡಸ್ತದ್ರಿ. ಭಾರ ಕಡಿಮಿ ಆದ್ರ ತಿರುವಿನ್ಯಾಗೂ ಚಲೋ, ನಿಲ್ಲಸೂದಕ್ಕೂ ಚಲೋ” ಅಂದರು ಪತ್ತಾರರು. ಜೊತೆಗೇ ಸೇರಿಸಿದರು: “ಖರೆ, ಬ್ರೇಕಿಗೆ, ಸ್ಟಿಯರಿಂಗಿಗೆ, ಬೆಲ್ಟ್ ಕಟ್ಟೂ ಜಾಗಕ್ಕ ಮಾತ್ರ ತೂತ ಹೊಡೀಬಾರ್ದು. ಅಲ್ಲಿ ಭಾರ ಇದ್ರ ಇರ್ಲಿ.”

ಅಪಘಾತದಲ್ಲಿ ಮೂತಿ ನಜ್ಜುಗುಜ್ಜಾದ ಸಣ್ಣ ಕಾರೊಂದರ ಎಂಜಿನ್ನು ನನ್ನ ಸೀಟಿನ ಹಿಂದೆ ಬಂದು ಕೂತಿತು. ನನಗೆ ಚಾವಣಿಯಿಲ್ಲ, ಬಾಗಿಲಿಲ್ಲ. ರಸ್ತೆಗೆ ಇಳಿಯುವ ನಂಬರೂ ಇಲ್ಲ. ಟ್ರಾಲಿ ಏರಿ ಮೈದಾನಕ್ಕೆ ಹೋಗುವುದು, ಅಲ್ಲಿ ದಾರಿ ತೋರಿಸಲು ಇಟ್ಟ ಪ್ಲಾಸ್ಟಿಕ್ ಕೋನುಗಳ ನಡುವೆ ಓಡುವುದು, ಮತ್ತೆ ಟ್ರಾಲಿ ಏರಿ ಮನೆಗೆ ಬರುವುದು. ಆ ಆಟಕ್ಕೆ ಆಟೋಕ್ರಾಸ್ ಎಂದು ಹೆಸರು. ಪ್ರತಿ ಓಟದ ನಂತರ ಪತ್ತಾರರು ನನ್ನ ಕೆಳಗೆ ಮಲಗಿ ಬೋಲ್ಟುಗಳನ್ನು ನೋಡುತ್ತಿದ್ದರು. ಬಿಗಿ ಮಾಡಿದ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ತಗಡಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆದಿದ್ದರು. ಗೆರೆ ಮುರಿದು ಕಂಡರೆ ಬೋಲ್ಟು ತಿರುಗಿದೆ ಎಂದರ್ಥ. ಹಗುರ ಕಾರು ನಡುಗುವುದು ಹೆಚ್ಚು, ಸಡಿಲವಾಗುವುದೂ ಹೆಚ್ಚು. ಅದನ್ನು ಅವರು ನನ್ನ ತಪ್ಪೆಂದು ಎಂದೂ ಬೈಯಲಿಲ್ಲ.

ರಸ್ತೆ ಅಗಲ ಮಾಡುವಾಗ ಅವರ ಶೆಡ್ಡು ಹೋಯಿತು. ಮನೆಯ ಮುಂದೆ ಸ್ಕೂಟರು ನಿಲ್ಲಿಸಲೂ ಜಾಗವಿರಲಿಲ್ಲ. ಬೆಳಗಾವಿಯ ಹೋಟೆಲ್ ಮಾಲೀಕ ಸಂಜಯ ಬಾಳೇಕುಂದ್ರಿಯವರಿಗೆ ನನ್ನನ್ನು ಒಪ್ಪಿಸಿದ ದಿನ, ಪತ್ತಾರರು ಟ್ರಾಲಿಯ ಹಗ್ಗವನ್ನು ತಾವೇ ಕಟ್ಟಿದರು. ಬಿಗಿಯಾಗಿದೆಯೇ ಎಂದು ಎಳೆದು ನೋಡಿದರು, ಮತ್ತೊಮ್ಮೆ ಎಳೆದು ನೋಡಿದರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಸಂಜಯರು ಕೆಟ್ಟವರಲ್ಲ, ಶೋಕಿಯವರು. ನನಗೆ ಅಗಲ ಟಯರು ಬಂದವು, ಬೆನ್ನ ಮೇಲೆ ರೆಕ್ಕೆ ಬಂತು, ಸೀಟಿನ ಹಿಂದೆ ಎರಡು ದೊಡ್ಡ ಸ್ಪೀಕರು ಬಂದವು. ಟಯರು ತಿರುವಿನಲ್ಲಿ ಮೈಗೆ ಉಜ್ಜತೊಡಗಿದವು. ಸ್ಟಿಯರಿಂಗು ಕಲ್ಲಿನಂತಾಯಿತು. ಒಮ್ಮೆ ನೀರಿನ ಪೈಪು ಬದಲಿಸಿದ ಮೆಕ್ಯಾನಿಕ್ಕು ನನ್ನ ಮೂತಿಯನ್ನು ಎತ್ತಿ ನಿಲ್ಲಿಸದೆ ರೇಡಿಯೇಟರಿಗೆ ನೀರು ತುಂಬಿಸಿದ. ನನ್ನ ರೇಡಿಯೇಟರು ಮುಂದಿದೆ, ಎಂಜಿನ್ನು ಹಿಂದಿದೆ, ನಡುವೆ ಉದ್ದದ ಪೈಪು. ಮೂತಿ ಎತ್ತದಿದ್ದರೆ ಒಳಗಿನ ಗಾಳಿ ಹೊರಗೆ ಬರುವುದಿಲ್ಲ. ಗಾಳಿ ಸಿಕ್ಕಿಕೊಂಡಲ್ಲಿ ನೀರು ಹರಿಯಲಿಲ್ಲ, ಎಂಜಿನ್ನು ಕುದಿಯಿತು, ಅತಿಥಿಗಳ ಮುಂದೆಯೇ ಹಬೆ ಎದ್ದಿತು. ಸಂಜಯರಿಗೆ ಮನಸ್ಸು ಮುರಿಯಿತು. ನಾನು ಹೋಟೆಲಿನ ಹಿಂದೆ, ಕಾಲು ಮುರಿದ ಮೇಜುಗಳ ಜೊತೆ ನಿಂತೆ. ಇಲಿಗಳು ಬಂದು ವೈರು ಕಡಿದವು.

ಅಲ್ಲಿಗೆ ಉಜ್ವಲಾ ಬಂದಳು.

ಹೋಟೆಲಿನ ಮುಂಬಾಗಿಲಿಗೆ ಮೆಟ್ಟಿಲುಗಳಿದ್ದವು. ಗಾಲಿಕುರ್ಚಿಯಲ್ಲಿ ಬಂದವರನ್ನು ಅಡುಗೆಮನೆಯ ಹಿಂದಿನ ಇಳಿಜಾರಿನಿಂದ ಒಳಗೆ ಕರೆದೊಯ್ಯುತ್ತಿದ್ದರು. ಗೆಳತಿಯ ನಿಶ್ಚಿತಾರ್ಥಕ್ಕೆಂದು ರೇಷ್ಮೆ ಸೀರೆ ಉಟ್ಟು ಬಂದಿದ್ದ ಉಜ್ವಲಾ ಕುಲಗೋಡ ಆ ಇಳಿಜಾರಿನ ನಡುವೆ ತನ್ನ ಕುರ್ಚಿಯ ಗಾಲಿ ಹಿಡಿದು ನಿಲ್ಲಿಸಿಬಿಟ್ಟಳು.

“ಅವ್ವಾ, ತಡಿ. ಅದು ಕಿಟ್ ಕಾರ್ ಅದ.”

ಹಿಂದಿನಿಂದ ಕುರ್ಚಿ ತಳ್ಳುತ್ತಿದ್ದ ಸುಮಿತ್ರಾಬಾಯಿ ನನ್ನನ್ನು ನೋಡಿದರು. ಅವರ ಮುಖ ಗಂಟಿಕ್ಕಿತು. ಅವರು ಬೆಳಗಾವಿಯದೇ ಶಹಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಮಗಳು ಕಾಲೇಜಿನ ದಿನಗಳಲ್ಲಿ ಆಟೋಕ್ರಾಸ್ ಓಡಿಸಿ ಕಪ್ ತಂದಾಗ ಗಿರಣಿಗೆ ಬಂದವರಿಗೆಲ್ಲ ಪೇಢೆ ಹಂಚಿದವರೂ ಅವರೇ. ಆಮೇಲೊಂದು ದಿನ ಹೆದ್ದಾರಿಯಲ್ಲಿ ಉಜ್ವಲಾಳ ಸ್ಕೂಟರಿಗೆ ಲಾರಿ ಬಡಿಯಿತು. ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಶಕ್ತಿ ಹೋಯಿತು. ಅಂದಿನಿಂದ ಮನೆಯಲ್ಲಿ ಗಾಡಿಯ ಮಾತೇ ನಿಂತಿತ್ತು.

“ಊಟಕ್ಕ ಹೊತ್ತಾತು, ನಡಿ” ಅಂದರು ಸುಮಿತ್ರಾಬಾಯಿ. ಉಜ್ವಲಾ ಊಟಕ್ಕೆ ಹೋದಳು. ಊಟ ಮುಗಿದ ಮೇಲೆ ಸಂಜಯರನ್ನು ಕರೆದುಕೊಂಡು ಮತ್ತೆ ನನ್ನ ಬಳಿಗೇ ಬಂದಳು.

ಹೀಗೆ, ತಾಯಿಗೆ ಮನಸ್ಸಿಲ್ಲದಿದ್ದರೂ ಉಜ್ವಲಾ ನನ್ನನ್ನು ಕೊಂಡಳು, ನಾನು ಗಿರಣಿಯ ಪಕ್ಕದ ಗೋದಾಮಿಗೆ ಬಂದೆ. ಸಂಜಯರಿಂದ ನಂಬರು ತೆಗೆದುಕೊಂಡು ಉಜ್ವಲಾ ಫೋನು ಮಾಡಿದ್ದಕ್ಕೆ ಹುಬ್ಬಳ್ಳಿಯಿಂದ ಪತ್ತಾರರು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಹಾ ಬೇಡವೆಂದು ನೇರ ನನ್ನ ಕೆಳಗೆ ಮಲಗಿದರು. ಹಳದಿ ಗೆರೆಗಳ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತ ಹೋದರು. ಎಷ್ಟು ವರ್ಷಗಳ ಮೇಲೆ ಸಿಕ್ಕ ಕೈ ಅದು! ನನಗಾದ ನೆಮ್ಮದಿಯನ್ನು ಹೇಳಲು ನನಗೆ ಹಾರ್ನೂ ಇರಲಿಲ್ಲ. ಇಲಿ ಅದರ ವೈರನ್ನೂ ಕಡಿದಿತ್ತು.

“ಹಂದರ ಗಟ್ಟಿ ಅದ ತಂಗಿ. ಇದನ್ನ ನೀ ಕೈಲೇ ಓಡಸಬೇಕಂತೀ?”

“ಹೌದು ಕಾಕಾ. ಕ್ಲಚ್ ಇಲ್ಲದ ಗೇರ್‌ಬಾಕ್ಸ್ ಹಾಕೂಣು. ಬ್ರೇಕು, ಎಕ್ಸಲರೇಟರು ಎರಡೂ ಒಂದ ಲಿವರಿಗೆ. ಮುಂದ ತಳ್ಳಿದ್ರ ಬ್ರೇಕು, ಕೆಳಗ ಒತ್ತಿದ್ರ ಓಟ. ಚಿತ್ರ ನಾ ತಗದೇನಿ.”

“ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಭಾರ ಆಗ್ತದಲ್ಲ.” ಪತ್ತಾರರ ದನಿಯಲ್ಲಿ ನೋವಿತ್ತು.

“ಸ್ಪೀಕರ್ ಕಿತ್ತು ಒಗೀರಿ. ರೆಕ್ಕಿ ಕಿತ್ತು ಒಗೀರಿ.”

ಅವರು ನಕ್ಕುಬಿಟ್ಟರು. ಅಂದೇ ರೆಕ್ಕೆ ಬಿಚ್ಚಿದರು. ಟಯರು ಮತ್ತೆ ಸಣ್ಣವಾದವು. ಸ್ಟಿಯರಿಂಗು ಎರಡು ಬೆರಳಿಗೆ ತಿರುಗುವಷ್ಟು ಹಗುರಾಯಿತು. ಕಾಲು ಊರಿ ಕೂರಲಾಗದವಳು ತಿರುವಿನಲ್ಲಿ ಜಾರಬಾರದೆಂದು ಸೀಟಿನ ಎರಡೂ ಬದಿಗೆ ಎತ್ತರದ ಆನಿಕೆ ಬಂತು, ಭುಜ ಮತ್ತು ಸೊಂಟವನ್ನು ಹಿಡಿಯುವ ಬೆಲ್ಟು ಬಂತು. ಬಾಗಿಲಿಲ್ಲದಿರುವುದು ಈಗ ಅನುಕೂಲವೇ ಆಯಿತು. ಮೆತ್ತೆ ಹಾಕಿದ ಅಂಚಿನ ಮೇಲೆ ಕುರ್ಚಿಯಿಂದ ಮೈ ಎತ್ತಿ ಕೂತು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು, ಅವಳೊಬ್ಬಳೇ ನನ್ನೊಳಗೆ ಇಳಿಯುತ್ತಿದ್ದಳು.

ಕಷ್ಟವೆಲ್ಲ ಬ್ರೇಕಿನದು. ದೊಡ್ಡ ಕಾರುಗಳ ಬ್ರೇಕಿಗೆ ಎಂಜಿನ್ನೇ ಬಲ ಕೊಡುತ್ತದೆ. ನಾನು ಹಗುರ ಎಂದು ನನಗೆ ಆ ಸಹಾಯ ಇಟ್ಟಿರಲಿಲ್ಲ. ಕಾಲಿಗೆ ಅದು ಸಾಕಿತ್ತು, ಕೈಗೆ ಸಾಲದು. ಲಿವರನ್ನು ಉದ್ದ ಮಾಡಿದರು. ಉದ್ದವಾದಷ್ಟೂ ಕಡಿಮೆ ಬಲ ಸಾಕು, ಆದರೆ ಅಷ್ಟೇ ಹೆಚ್ಚು ದೂರ ತಳ್ಳಬೇಕು. ಗೋದಾಮಿನಲ್ಲಿ ಎಲ್ಲ ಸರಿಯಾಗಿಯೇ ಕಂಡಿತು.

ಪರೀಕ್ಷೆಗೆ ಊರಾಚೆ ಒಂದು ಲೇಔಟಿನ ಖಾಲಿ ರಸ್ತೆ ಸಿಕ್ಕಿತು. ಸುಮಿತ್ರಾಬಾಯಿಯೂ ಬಂದಿದ್ದರು. ಬರುವುದಿಲ್ಲ ಎಂದವರು ಕೊನೆಗೆ ಬಂದಿದ್ದರು. ಉಜ್ವಲಾ ಮೊದಲು ನಿಧಾನ ಓಡಿಸಿದಳು, ನಿಲ್ಲಿಸಿದಳು. ಇನ್ನಷ್ಟು ವೇಗ, ಮತ್ತೆ ನಿಲ್ಲಿಸಿದಳು. ಮುಂದಿನ ಸಲ ರಸ್ತೆಯ ಕೊನೆಯ ತಿರುವಿಗೆ ಮೊದಲು ಲಿವರನ್ನು ತಳ್ಳಿದಳು. ಅದು ಮೆತ್ತಗೆ ಹೋಗುತ್ತಲೇ ಇತ್ತು. ಹೋಗಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಇನ್ನು ತಳ್ಳಲು ಜಾಗವಿಲ್ಲ. ನಾನು ನಿಲ್ಲುತ್ತಿಲ್ಲ. ಅವಳು ಎದೆಗುಂದದೆ ಸ್ಟಿಯರಿಂಗು ತಿರುಗಿಸಿ ಪಕ್ಕದ ಮಣ್ಣಿನ ಗುಡ್ಡೆಗೆ ನನ್ನನ್ನು ನುಗ್ಗಿಸಿದಳು. ಮೂತಿಯ ಫೈಬರು ಸೀಳಿತು. ಬೆಲ್ಟು ಅವಳನ್ನು ಹಿಡಿದುಕೊಂಡಿತು. ಒಂದು ಗೀರೂ ಆಗಲಿಲ್ಲ.

ಸುಮಿತ್ರಾಬಾಯಿ ಓಡಿ ಬಂದರು. ಬೈಯಲಿಲ್ಲ. ಮಗಳ ಮುಖ, ತೋಳು, ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಪತ್ತಾರರ ಕಡೆ ತಿರುಗಿ, “ಸಾಕ್ರಿ. ನಾಳೆ ಇದನ್ನ ತಗೊಂಡ ಹೋಗ್ರಿ” ಅಂದರು.

ಪತ್ತಾರರು ವಾದಿಸಲಿಲ್ಲ. ಮರುದಿನ ಗೋದಾಮಿಗೆ ಬಂದು, “ಒಯ್ತೀನ್ರಿ ಅಕ್ಕಾರ. ಖರೆ ಯಾಕ ಹಿಂಗಾತು ಅಂತ ತಿಳೀದ ಒಯ್ಯೂದು ನನಗ ಆಗೂದಿಲ್ಲ. ಒಂದೀಟು ನೋಡ್ತೀನಿ” ಅಂದರು.

ಉಜ್ವಲಾ ಒಳಗೆ ಕೂತು ಲಿವರ್ ತಳ್ಳಿದಳು. ಪತ್ತಾರರು ಚಕ್ರದ ಬಳಿ ಬ್ರೇಕಿನ ಎಣ್ಣೆ ಹೋಗುವ ರಬ್ಬರ್ ಪೈಪನ್ನು ಬೆರಳ ನಡುವೆ ಹಿಡಿದರು. ಅವರ ಹುಬ್ಬು ಮೇಲೇರಿತು.

“ಇನ್ನೊಮ್ಮೆ ತಳ್ಳು ತಂಗಿ. ಅಕ್ಕಾರ, ನೀವೂ ಬರ್ರಿ. ಇದನ್ನ ಹಿಡದ ನೋಡ್ರಿ.”

ಸುಮಿತ್ರಾಬಾಯಿ ಮನಸ್ಸಿಲ್ಲದೆ ಬಗ್ಗಿ ಹಿಡಿದರು. ಪೈಪು ಅವರ ಬೆರಳ ನಡುವೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.

“ಉಬ್ಬತೈತಲ್ರಿ ಇದು!”

“ಹೌದ್ರಿ. ಇಕಿ ತಳ್ಳೂದು ಅರ್ಧ ಇದನ್ನ ಉಬ್ಬಸೂದಕ್ಕ ಹೋಗ್ತದ. ಚಕ್ರಕ್ಕ ಏನ ಮುಟ್ಟಬೇಕು? ಹಳೇ ಪೈಪು. ಮೊದಲ ಬದಲಿ ಮಾಡಬೇಕಿತ್ತು, ನನಗ ಹೊಳೀಲಿಲ್ಲ.”

“ನನ್ನ ಚಿತ್ರದಾಗೂ ಅದು ಇರ್ಲಿಲ್ಲ ಕಾಕಾ” ಅಂದಳು ಉಜ್ವಲಾ.

ಸುಮಿತ್ರಾಬಾಯಿ ಪೈಪು ಬಿಟ್ಟು ಎದ್ದು ನಿಂತರು. ಗಿರಣಿಯಲ್ಲಿ ಮೋಟರಿನ ಪಟ್ಟಾ ಜಾರಿದರೆ ಕಲ್ಲಿಗೆ ಬಲ ಮುಟ್ಟುವುದಿಲ್ಲ ಎನ್ನುವುದು ಅವರಿಗೆ ಗೊತ್ತಿದ್ದ ಮಾತೇ. “ಇದಕ್ಕ ಗಟ್ಟಿ ಪೈಪು ಸಿಗತೈತೇನು?” ಎಂದು ಕೇಳಿದರು.

ಸಿಕ್ಕಿತು. ಮೇಲೆ ಉಕ್ಕಿನ ತಂತಿ ಹೆಣೆದ ಪೈಪುಗಳು ಬಂದವು. ಬ್ರೇಕಿನ ಎಣ್ಣೆ ತಳ್ಳುವ ಸಿಲಿಂಡರನ್ನೂ ಬದಲಿಸಿ, ಕೈಬಲಕ್ಕೆ ಹೊಂದುವಂಥ ಸಣ್ಣದನ್ನು ಹಾಕಿದರು. ಹಳೆಯ ಎಣ್ಣೆಯನ್ನು ಪೂರ್ತಿ ಚೆಲ್ಲಿದರು. ಅದು ಗಾಳಿಯ ಪಸೆ ಕುಡಿದು ಕಪ್ಪಗಾಗಿತ್ತು. ಹೊಸದನ್ನು ತುಂಬಿದ ಮೇಲೆ ಒಳಗಿನ ಗಾಳಿಗುಳ್ಳೆ ತೆಗೆಯಬೇಕು. ಅದಕ್ಕೆ ಒಬ್ಬರು ಒಳಗೆ ಕೂತು ಬ್ರೇಕಿನ ಲಿವರು ತಳ್ಳಬೇಕು, ಒಬ್ಬರು ಚಕ್ರದ ಬಳಿ ಸಣ್ಣ ತಿರುಪು ಬಿಚ್ಚಬೇಕು. ಉಜ್ವಲಾ ಕುರ್ಚಿಯಲ್ಲಿ ಕೂತು ಎಣ್ಣೆಯ ಡಬ್ಬಿ ಬರಿದಾಗದಂತೆ ತುಂಬುತ್ತಿದ್ದಳು. ಹಾಗಾಗಿ ಸೀಟಿಗೆ ಜನ ಬೇಕಿತ್ತು.

“ನಾ ಕುಂದರ್ತೀನಿ” ಅಂದರು ಸುಮಿತ್ರಾಬಾಯಿ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನೊಳಗೆ ಇಳಿದರು.

ಅತಿ ದೂರದ ಚಕ್ರದಿಂದ ಶುರುವಾಯಿತು. “ತಳ್ಳರಿ. ಹಿಡೀರಿ, ಬಿಡಬ್ಯಾಡ್ರಿ.” ತಿರುಪು ಬಿಚ್ಚಿ, ಗುಳ್ಳೆ ಎಣ್ಣೆಯ ಜೊತೆ ಬುಳಬುಳ ಬಂದು, ತಿರುಪು ಮುಚ್ಚಿದ ಮೇಲೆ, “ಹಾಂ, ಈಗ ಬಿಡ್ರಿ.” ಮತ್ತೆ ತಳ್ಳರಿ, ಮತ್ತೆ ಹಿಡೀರಿ. ಕೈಯಲ್ಲಿ ಮೊದಲು ಹಿಟ್ಟಿನ ಮುದ್ದೆಯಂತಿದ್ದ ಲಿವರು ಪ್ರತಿ ಸಲಕ್ಕೂ ಗಟ್ಟಿಯಾಗುತ್ತ ಬಂತು. ಕೊನೆಯ ಚಕ್ರ ಮುಗಿದಾಗ ಸುಮಿತ್ರಾಬಾಯಿ ಬಲ ಹಾಕಿ ತಳ್ಳಿದರು. ಲಿವರು ಸ್ವಲ್ಪ ಸರಿದು ಗೋಡೆಯಂತೆ ನಿಂತಿತು. ಮತ್ತೆ ತಳ್ಳಿದರು. ಅಲ್ಲೇ ನಿಂತಿತು.

ಅವರು ದೊಡ್ಡದೊಂದು ಉಸಿರು ಬಿಟ್ಟರು. ಲಾರಿ ಬಡಿದ ದಿನದಿಂದ ಒಳಗೇ ಹಿಡಿದಿಟ್ಟ ಉಸಿರಿರಬೇಕು ಅದು. “ಈಗ ನಿಲ್ಲತೈತಿ” ಅಂದರು. ಪ್ರಶ್ನೆಯಾಗಿ ಅಲ್ಲ.

ಆ ಚಳಿಗಾಲದ ಆಟೋಕ್ರಾಸಿನಲ್ಲಿ ನಾವು ಗೆಲ್ಲಲಿಲ್ಲ. ನಡುವೆ ಒಂದು ಕೋನನ್ನು ಬೀಳಿಸಿದೆವು. ಆದರೆ ಓಟದ ಕೊನೆಗೆ ಬಿಳಿ ಸುಣ್ಣದಲ್ಲಿ ಬರೆದ ಚೌಕವಿತ್ತು, ಪೂರ್ತಿ ವೇಗದಲ್ಲಿ ಬಂದು ಅದರೊಳಗೆ ನಿಲ್ಲಬೇಕು. ಉಜ್ವಲಾ ಲಿವರು ತಳ್ಳಿದಳು. ನನ್ನ ನಾಲ್ಕು ಚಕ್ರಗಳೂ ಒಟ್ಟಿಗೆ ನೆಲ ಹಿಡಿದವು, ಧೂಳು ನಮ್ಮನ್ನು ದಾಟಿ ಮುಂದೆ ಹೋಯಿತು. ಧೂಳು ಇಳಿದಾಗ ನಾನು ಚೌಕದ ನಟ್ಟನಡುವೆ ಇದ್ದೆ. ಪತ್ತಾರರು ಟೋಪಿ ತೆಗೆದು ಮುಖ ಒರೆಸಿಕೊಂಡರು. ಸುಮಿತ್ರಾಬಾಯಿ ಹಗ್ಗದ ಆಚೆಯಿಂದ ಕೂಗಿದರು: “ಉಜ್ಜೂ, ಎಲ್ಲಾ ಮುಗಿದ ಮ್ಯಾಲ ನನ್ನೂ ಒಂದ ಸುತ್ತ ಹೊಡಸಬೇಕ ನೋಡ!”

ಹೊಡೆಸಿದಳು. ಪಕ್ಕದ ಸೀಟಿನಲ್ಲಿ ಕೂತ ತಾಯಿ ಎರಡೂ ಕೈಯಲ್ಲಿ ಬೆಲ್ಟು ಹಿಡಿದು ಮೊದಲ ತಿರುವಿನಲ್ಲಿ “ಸಾವಕಾಶ” ಎಂದರು, ಎರಡನೆಯದರಲ್ಲಿ ನಕ್ಕರು.

ಆಮೇಲೂ ಬಹಳ ವರ್ಷ ಓಡಿದೆ. ಈಗ ನನ್ನ ಹಂದರದ ಪೈಪುಗಳಿಗೆ ಒಳಗಿನಿಂದ ತುಕ್ಕು ಹತ್ತಿದೆ. ಹೊರಗಿನ ಬಣ್ಣ ಚೆನ್ನಾಗಿದ್ದರೂ ಬಡಿದರೆ ಸದ್ದು ಮೊದಲಿನಂತಿಲ್ಲ. ಇನ್ನು ಓಡಿಸುವುದು ಬೇಡವೆಂದು ಉಜ್ವಲಾಳೇ ನಿರ್ಧರಿಸಿದಳು. ಆ ದಿನ ನನಗೆ ದುಃಖವಾಗಲಿಲ್ಲ. ಯಾವಾಗ ನಿಲ್ಲಿಸಬೇಕೆಂದು ತಿಳಿದವರ ಕೈಯಲ್ಲಿದ್ದೇನೆ ಅನ್ನಿಸಿತು. ಗೋದಾಮು ಈಗ ಅವಳ ವರ್ಕ್‌ಶಾಪು. ಕಾಲಿನ ಬಲವಿಲ್ಲದವರ ಕಾರುಗಳಿಗೆ ಕೈಯಿಂದ ನಡೆಸುವ ಲಿವರು ಕೂಡಿಸುವುದು ಅವಳ ಕೆಲಸ. ಕಿಟಕಿಯ ಬಳಿಯ ಮೂಲೆಯಲ್ಲಿ, ಚಕ್ರ ನೆಲಕ್ಕೆ ತಾಗದಂತೆ, ನಾಲ್ಕು ಸ್ಟ್ಯಾಂಡಿನ ಮೇಲೆ ನಾನಿದ್ದೇನೆ. ಹೊಸಬರು ಬಂದಾಗ ಅವಳು ಮೊದಲು ನನ್ನೊಳಗೆ ಕೂರಿಸುತ್ತಾಳೆ.

ಕಳೆದ ವಾರ ಒಬ್ಬ ನಡುವಯಸ್ಸಿನವರು ಬಂದಿದ್ದರು. ಟೆಂಪೋ ಓಡಿಸುತ್ತಿದ್ದವರಂತೆ, ಸಕ್ಕರೆ ಕಾಯಿಲೆಯಿಂದ ಕಾಲು ಹೋಗಿದೆ. ಕೂತವರು ಎಷ್ಟೋ ಹೊತ್ತು ಸುಮ್ಮನೆ ಸ್ಟಿಯರಿಂಗು ಹಿಡಿದಿದ್ದರು. ಉಜ್ವಲಾ ಅವಸರ ಮಾಡಲಿಲ್ಲ. ಕೊನೆಗೆ ಅವರು ಲಿವರನ್ನು ಮೆಲ್ಲನೆ ಮುಂದಕ್ಕೆ ತಳ್ಳಿದರು. ಅದು ಗಟ್ಟಿಯಾಗಿ ನಿಂತಿತು. ಮತ್ತೊಮ್ಮೆ, ಇನ್ನೂ ಬಲ ಹಾಕಿ ತಳ್ಳಿದರು.

ಅವರ ಬಿಗಿದ ಭುಜಗಳು ಇಳಿದದ್ದು ನನ್ನ ಸೀಟಿಗೆ ತಿಳಿಯಿತು.