ಹಿಂದಿನ ಸೀಟಿನ ಕೌದಿ

ಶನಿವಾರ ಬೆಳಿಗ್ಗೆ ಓಝೆಲ್ಲಾ ಅಡುಗೆಮನೆಯ ಮೇಜಿನ ಮೇಲೆ ಕಾಲರ್ಡ್ ಸೊಪ್ಪನ್ನು ಹರಡಿಕೊಂಡು ದಂಟು ಬಿಡಿಸುತ್ತಿದ್ದಳು. ಭಾನುವಾರದ ಊಟದ ಸೊಪ್ಪನ್ನು ಹಿಂದಿನ ದಿನವೇ ಬೇಯಿಸಿಡುವುದು ಆ ಮನೆಯಲ್ಲಿ ಅಮ್ಮನ ಕಾಲದಿಂದ ಬಂದ ರೂಢಿ. ಹಿತ್ತಿಲಲ್ಲಿ ಅಣ್ಣ ಲೂಷಸ್‌ನ ಟ್ರಕ್ಕು ನಿಂತ ಸದ್ದಾಯಿತು. ಅವಳು ಕಿಟಕಿಯಿಂದ ನೋಡಿದಳು. ಅವನು ಹಸಿರು ಬಣ್ಣದ ಡಬ್ಬಿಗಳನ್ನು ಇಳಿಸಿದ, ಉಪ್ಪುಕಾಗದದ ಕಟ್ಟು ಇಳಿಸಿದ. ಆಮೇಲೆ ಹೆಗಲ ಮೇಲೆ ಕೆಂಪು ರೆಕ್ಸಿನ್ನಿನ ಸುರುಳಿಯೊಂದನ್ನು ಹೊತ್ತು ಶೆಡ್ಡಿನ ಕಡೆ ನಡೆದ.

ಸೊಪ್ಪು ಅಲ್ಲೇ ಬಿಟ್ಟು ಕೈ ಒರೆಸಿಕೊಳ್ಳುತ್ತಾ ಅವಳು ಹೊರಗೆ ಬಂದಳು.

"ಅಣ್ಣಾ, ಬಣ್ಣ ಅಂದಿದ್ದೆ ನೀನು. ರೆಕ್ಸಿನ್ ಯಾವಾಗ ಸೇರ್ಕೊಂಡ್ತು?"

"ಹೊರಗೆಲ್ಲಾ ಮಿಂಚಿ, ಒಳಗೆ ಸೀಟು ಹಂಗೇ ಇದ್ರೆ? ಮದುವೆ ಗಂಡು ಹರಕು ಬೂಟು ಹಾಕ್ಕೊಂಡು ಬಂದಂಗಿರುತ್ತೆ."

"ಈ ಗಂಡಿಗೆ ಐವತ್ತು ವರ್ಷ ಆಯ್ತು. ಅವನ ಬೂಟು ಯಾರೂ ನೋಡಲ್ಲ ಬಿಡು."

ಲೂಷಸ್ ನಗಲಿಲ್ಲ. ಶೆಡ್ಡಿನ ಬಾಗಿಲು ಸರಿಸಿದ.

ಒಳಗೆ ಉದ್ದನೆಯ ಹಸಿರು ವ್ಯಾಗನ್ ನಿಂತಿತ್ತು. ಬಾಗಿಲ ಮೇಲೆ 'ಮೌಂಟ್ ನೀಬೊ ಬ್ಯಾಪ್ಟಿಸ್ಟ್ ಚರ್ಚ್' ಎಂಬ ಬಿಳಿ ಅಕ್ಷರಗಳು ಅರ್ಧ ಮಾಸಿದ್ದವು. ಟಾಲ್ಬರ್ಟ್ ಊರಿನ ಕರಿಯರೆಲ್ಲ ಬಸ್ಸು ಹತ್ತುವುದನ್ನು ಬಿಟ್ಟ ವರ್ಷ, ಬಿಳಿಯರಿಗೆ ಸೀಟು ಬಿಟ್ಟುಕೊಟ್ಟು ಹಿಂದೆ ನಿಲ್ಲುವುದಕ್ಕಿಂತ ನಡೆಯುವುದೇ ಮೇಲೆಂದು ನಡೆದ ವರ್ಷ, ಚರ್ಚಿನವರು ಕೂಡಿ ಕೊಂಡ ಗಾಡಿ ಅದು. ಜನ ಅದನ್ನು ಗಾಲಿ ಚರ್ಚು ಎಂದು ಕರೆಯುತ್ತಿದ್ದರು. ಬೆಳಗಾಗುವ ಮೊದಲೇ ಬೀದಿಬೀದಿಯಲ್ಲಿ ಕಾಯುತ್ತಿದ್ದ ಹೆಂಗಸರನ್ನು ಹತ್ತಿಸಿಕೊಂಡು, ಅವರು ಕೆಲಸ ಮಾಡುವ ಬಿಳಿಯರ ಮನೆಗಳಿಗೆ ಬಿಟ್ಟುಬರುತ್ತಿದ್ದವನು ಹತ್ತೊಂಬತ್ತರ ಹುಡುಗ ಲೂಷಸ್. ಆಗ ಓಝೆಲ್ಲಾ ಇನ್ನೂ ಶಾಲೆಗೆ ಹೋಗುವ ಹುಡುಗಿ.

ಗಾಡಿಯ ಎಡಗಡೆ ಕಲ್ಲೇಟಿನ ತಗ್ಗುಗಳಿದ್ದವು. ಹಿಂದಿನ ಕಿಟಕಿಗೆ ಗಾಜಿರಲಿಲ್ಲ. ಒಳಗಿನ ಕನ್ನಡಿಯನ್ನು ಎಂದೋ ಯಾರೋ ಮೇಲಕ್ಕೆ ತಿರುಗಿಸಿದ್ದು, ಅದು ಅಂದಿನಿಂದಲೂ ಗಾಡಿಯ ಚಾವಣಿಯನ್ನೇ ನೋಡುತ್ತಿತ್ತು. ಹಿಂದಿನ ಸೀಟಿಗೆ ಒಂದು ಕೌದಿ ಹೊದಿಸಿ ಸುತ್ತಲೂ ಬಿಗಿಯಾಗಿ ಹೊಲಿಯಲಾಗಿತ್ತು. ಅಪ್ಪನ ಹಳೆಯ ಪ್ಯಾಂಟು, ಹಿಟ್ಟಿನ ಚೀಲ, ಅಮ್ಮನ ಏಪ್ರನ್ನು ಎಲ್ಲದರ ತುಂಡುಗಳೂ ಅದರಲ್ಲಿದ್ದವು.

ಸ್ವಲ್ಪ ಹೊತ್ತಿಗೆ ರೆವರೆಂಡ್ ಟಾಲಿವರ್ ಬಂದರು. ಚರ್ಚಿಗೆ ಹೊಸಬರು, ವಯಸ್ಸಿನಲ್ಲಿ ಚಿಕ್ಕವರು. ಅಣ್ಣತಂಗಿಯ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

"ಬ್ರದರ್ ಲೂಷಸ್, ಸಿಸ್ಟರ್ ಓಝೆಲ್ಲಾ, ಇನ್ನೂ ಮುಗಿದಿಲ್ವಾ ನಿಮ್ಮ ಜಗಳ? ಸೋಮವಾರ ಗಾಡೀನ ಎಲ್ಲರೂ ನೋಡ್ಲಿ ಅಂತ ಚರ್ಚಿನ ಹಾಲ್ ಒಳಗೆ ತರ್ತೀವಿ. ಅದಕ್ಕೆ ಅಂತಾನೇ ಗೋಡೆ ಒಡೆದಿಟ್ಟಿದೀವಿ. ಮಂಗಳವಾರ ಆ ಗೋಡೆ ಕಟ್ಟಿಬಿಡ್ತಾರೆ. ಆಮೇಲೆ ಅದು ಮತ್ತೆ ಹೊರಗೆ ಬರಲ್ಲ. ಹೆಂಗೆ ಒಳಗೆ ಹೋಗುತ್ತೋ ಹಂಗೇ ಉಳ್ಕೊಳ್ಳೋದು."

"ಅದಕ್ಕೇ ಹೇಳ್ತಿದೀನಿ," ಎಂದಳು ಓಝೆಲ್ಲಾ. "ಇದ್ದಂಗೇ ಹೋಗ್ಲಿ. ತಗ್ಗು ಇರ್ಲಿ. ಕಿಟಕಿ ಹಂಗೇ ಇರ್ಲಿ. ಆ ಕೌದಿ ತೆಗೆದು ಕೆಳಗಿರೋ ಅಮ್ಮನ ರಕ್ತದ ಕಲೇನೂ ತೋರ್ಸೋಣ. ನಮ್ಮ ಮಕ್ಕಳು ಏನಂದ್ಕೊಂಡಿದಾರೆ ಗೊತ್ತಾ? ನಾವೆಲ್ಲ ಹಾಡು ಹೇಳ್ಕೊಂಡು ಕೈ ಕೈ ಹಿಡ್ಕೊಂಡು ಹೋದ್ವಿ, ಬಿಳಿಯರು ದಾರಿ ಬಿಟ್ರು, ಅಷ್ಟೇ ಅಂತ."

"ಅಂದ್ಕೊಳ್ಳಲಿ. ಹಾಡಿನ ನೆನಪಿದ್ರೆ ಸಾಲ್ದಾ?" ಲೂಷಸ್ ಉಪ್ಪುಕಾಗದದ ಕಟ್ಟನ್ನು ಕೈ ಬದಲಿಸಿದ. "ರೆವರೆಂಡ್, ಈ ಗಾಡೀನ ನಾನು ದಿನಾ ತೊಳೀತಿದ್ದೆ. ಯಾಕೆ ಗೊತ್ತಾ? ಕೊಳೆಯಾಗಿದೆ, ದೀಪ ಮಂಕಾಗಿದೆ ಅಂತ ಪೊಲೀಸರು ದಂಡ ಹಾಕೋರು. ಹತ್ತೋ ಹೆಂಗಸರೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೇಲೇ ಬರೋರು. ಯಾರೂ ನಮ್ಮ ಕಡೆ ಬೆರಳು ತೋರಿಸಬಾರದು ಅಂತ. ಅಷ್ಟು ನೀಟಾಗಿ ಇಟ್ಕೊಂಡಿದ್ದ ಗಾಡೀನ ಈಗ ಒಡಕು ಪಾತ್ರೆ ಥರ ನಿಲ್ಲಿಸ್ಬೇಕಾ?"

ರೆವರೆಂಡ್ ಇಬ್ಬರನ್ನೂ ನೋಡಿದರು. ಇಬ್ಬರ ಮಾತೂ ಅವರಿಗೆ ಸರಿಯೆನಿಸಿತು, ಅದೇ ಕಷ್ಟವಾಗಿತ್ತು. "ಇದು ನಿಮ್ಮ ಮನೆಯವರ ರಕ್ತ. ನಾನು ತೀರ್ಮಾನ ಹೇಳೋ ಹಂಗಿಲ್ಲ. ಸಂಜೆಯೊಳಗೆ ಹೇಳಿ," ಎಂದು ಹೊರಟುಹೋದರು.

ಅವರ ಕಾರಿನ ಸದ್ದು ದೂರವಾದ ಮೇಲೆ ಲೂಷಸ್ ತಂಗಿಯ ಮುಖ ನೋಡದೆಯೇ ಹೇಳಿದ.

"ನೀನು ಅವತ್ತು ಮನೇಲಿದ್ದೆ ಓಝೀ. ನಾನು ಗಾಡಿ ನಡೆಸ್ತಿದ್ದೆ. ಹತ್ತಿ ಗಿರಣಿ ಹತ್ರ ಬಾಟಲಿ ಕಿಟಕಿ ಒಡ್ಕೊಂಡು ಬಂದು ಹಿಂದೆ ಕೂತಿದ್ದ ಅಮ್ಮನ ಒಂದು ಕಣ್ಣಿಗೆ ಬಿತ್ತು. ಅಮ್ಮ ಕೂಗಲೇ ಇಲ್ಲ. ನಿಲ್ಲಿಸಿದ್ರೆ ಎಲ್ಲರನ್ನೂ ಕೆಳಗೆಳೀತಿದ್ರು. ಕನ್ನಡೀಲಿ ಅಮ್ಮನ ಕಣ್ಣು ನೋಡ್ತಾ ನೋಡ್ತಾ ಗಾಡಿ ಓಡಿಸ್ದೆ. ಆ ಕಣ್ಣು ಹೋಯ್ತು. ಮಾರನೇ ದಿನ ಕೆಲಸದ ಮನೆಯ ಮಿಸೆಸ್ ಪ್ರುಯಿಟ್ ಹತ್ರ ಮೆಟ್ಟಿಲಿಂದ ಬಿದ್ದೆ ಅಂತ ಹೇಳಿದ್ಳು, ಕೆಲಸ ಉಳೀಲಿ ಅಂತ. ಸಾಯೋವರೆಗೂ ಅದೇ ಮಾತು. ಅವಳೇ ಮುಚ್ಚಿ ಹೊಲಿದಿದ್ದನ್ನ ಊರಿಗೆಲ್ಲ ಬಿಚ್ಚಿ ತೋರ್ಸೋಕೆ ನೀನ್ಯಾರು?"

ಓಝೆಲ್ಲಾ ಸೀಟಿನ ಕೌದಿಯ ಕಡೆ ತಿರುಗಿದಳು. ಅಮ್ಮ ಆ ಸಂಜೆ ತಲೆಗೆ ಬಟ್ಟೆ ಸುತ್ತಿಕೊಂಡು ಒಂದೇ ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸಲು ಒದ್ದಾಡಿದ್ದು, ಕೊನೆಗೆ ದಾರ ಪೋಣಿಸಿಕೊಟ್ಟವಳು ತಾನೇ ಆಗಿದ್ದು ನೆನಪಾಯಿತು. "ನಾಳೆ ಹೆಂಗಸರು ಬಿಳೀ ಬಟ್ಟೇಲಿ ಬಂದು ಕೂರ್ತಾರೆ ಮಗಾ, ಅವರಿಗೆ ಕಲೆ ಅಂಟಬಾರದು," ಎಂದಿದ್ದಳು ಅಮ್ಮ. ಬೆಳಿಗ್ಗೆ ಕಿಟಕಿಗೆ ರಟ್ಟು ಕಟ್ಟಿಕೊಂಡು ಗಾಡಿ ಎಂದಿನ ಹೊತ್ತಿಗೇ ಹೊರಟಿತ್ತು.

"ನೀನ್ ರೆಕ್ಸಿನ್ ಹಾಕಿದ್ರೂ ಕೌದಿ ಬಿಚ್ಚಲೇಬೇಕಲ್ಲ, ಅಣ್ಣಾ," ಎಂದಳು ಅವಳು ಮೆಲ್ಲಗೆ.

ಲೂಷಸ್ ಉಪ್ಪುಕಾಗದದ ಕಟ್ಟನ್ನು ನೆಲಕ್ಕಿಟ್ಟ. ಆಮೇಲೆ, "ನೀನೇ ಬಿಚ್ಚು. ನನ್ನ ಕೈಲಾಗಲ್ಲ," ಎಂದು ಶೆಡ್ಡಿನ ಹೊರಗೆ ಹೋಗಿ ಬಣ್ಣದ ಡಬ್ಬಿಯ ಮೇಲೆ ಕುಳಿತ.

ಅವಳು ಕತ್ತರಿ ತಂದು ಹಿಂದಿನ ಸೀಟಿನ ಮುಂದೆ ಮಂಡಿಯೂರಿದಳು. ಅಮ್ಮ ಮೀನಿನ ಗಾಳದ ದಾರದಲ್ಲಿ ಹೊಲಿದಿದ್ದಳು. ಒಂದೊಂದು ಹೊಲಿಗೆಯೂ ಹಟ ಮಾಡಿಕೊಂಡೇ ಬಿಚ್ಚಿತು. ಒಂದು ಮೂಲೆ ಸಡಿಲವಾದಾಗ ಅವಳು ಅದನ್ನು ಮಡಚಿ ಎತ್ತಿದಳು. ಸೀಟಿನ ಮೇಲಿನ ಕಲೆ ಕಾಣುತ್ತದೆಂದುಕೊಂಡಿದ್ದಳು. ಆದರೆ ಕಣ್ಣಿಗೆ ಬಿದ್ದದ್ದು ಕೌದಿಯ ಒಳಮೈ.

ಕೌದಿಗೆ ಒಳಗಿನಿಂದ ಒಂದು ಬಿಳಿ ಅಂಗಿಯನ್ನು ಅಗಲಕ್ಕೆ ಬಿಡಿಸಿ ಹೊಲಿಯಲಾಗಿತ್ತು. ಕಾಲರಿನಿಂದ ಎದೆಯವರೆಗೆ ಅದು ಕಂದಾಗಿ ಗಡಸಾಗಿತ್ತು. ಕಾಲರಿನ ಒಳಗೆ ನೀಲಿ ದಾರದ ಪುಟ್ಟ ಕತ್ತರಿಗುರುತು. ಹತ್ತು ಮನೆಯ ಬಟ್ಟೆ ಒಗೆಯುವಾಗ ಬೆರೆತುಹೋಗದಿರಲೆಂದು ಅಮ್ಮ ಒಂದೊಂದು ಮನೆಗೆ ಒಂದೊಂದು ಬಣ್ಣದ ಗುರುತು ಹಾಕುತ್ತಿದ್ದಳು. ನೀಲಿ ಅವರ ಸ್ವಂತ ಮನೆಯದು.

"ಅಣ್ಣಾ," ಎಂದಳು. ಮತ್ತೆ ಕರೆದಳು. "ಅಣ್ಣಾ, ಬಾ ಇಲ್ಲಿ."

ಲೂಷಸ್ ಬಂದು ಬಗ್ಗಿ ನೋಡಿದ. "ಅವತ್ತು ಹಾಕಿದ್ದ ಅಂಗೀನ ಸುಟ್ಟುಹಾಕ್ದೆ ಅಂದಿದ್ಳಲ್ಲ ಅಮ್ಮ."

"ಹೂಂ."

"ತೊಳೆದೂ ಇಲ್ಲ."

ಆ ಊರಿನಲ್ಲಿ ಅಮ್ಮನ ಕೈಯಲ್ಲಿ ಹೋಗದ ಕಲೆಯೇ ಇರಲಿಲ್ಲ. ದ್ರಾಕ್ಷಾರಸ, ಶಾಯಿ, ತುಕ್ಕು, ಏನೇ ಇರಲಿ, ಬಿಳಿಯರು ದೂರದಿಂದ ಬಟ್ಟೆ ಕಳಿಸುತ್ತಿದ್ದರು. ರಕ್ತವಂತೂ ಅವಳಿಗೆ ಲೆಕ್ಕವೇ ಅಲ್ಲ. ತಣ್ಣೀರು, ಉಪ್ಪು, ಒಂದು ಮಧ್ಯಾಹ್ನದ ಬಿಸಿಲು. ಬೇಕೆಂದಿದ್ದರೆ ಒಂದೇ ದಿನದಲ್ಲಿ ಆ ಅಂಗಿ ಹೊಸದರಂತೆ ಆಗುತ್ತಿತ್ತು. ಕೆಲಸಕ್ಕೆ ಹಾಕಿಕೊಳ್ಳಲು ಅವಳಿಗೆ ಎರಡೇ ಅಂಗಿ ಇದ್ದವು. ಒಂದನ್ನು ಹೀಗೆ ಕಳೆದುಕೊಂಡು ವರ್ಷವಿಡೀ ಉಳಿದೊಂದನ್ನೇ ದಿನಾ ರಾತ್ರಿ ಒಗೆದು ತೊಟ್ಟಳು.

"ಮುಚ್ಚಿಟ್ಟಳು ಅಂದ್ಕೊಂಡಿದ್ದೆ," ಎಂದ ಲೂಷಸ್.

"ನಾನೂ. ಜೋಪಾನವಾಗಿ ಇಟ್ಟಿದಾಳೆ."

ಓಝೆಲ್ಲಾ ಕೌದಿಯ ಮೇಲ್ಮೈ ನೋಡಿದಳು. ಆ ಒಂದು ವರ್ಷ ಊರಿನ ಅದೆಷ್ಟೋ ಹೆಂಗಸರು ಕೂತೆದ್ದು ನಡುವೆಯೆಲ್ಲಾ ಸವೆದು ನುಣುಪಾಗಿತ್ತು. ತಾನು ಇದನ್ನು ಕಿತ್ತು ಬದಿಗಿಡಲು ಹೊರಟಿದ್ದಳಲ್ಲ, ಕೆಳಗಿರುವುದು ಮಾತ್ರ ಮುಖ್ಯವೆಂದು. ಅವಳಿಗೆ ತನ್ನ ಕತ್ತರಿಯ ಬಗ್ಗೆಯೇ ನಾಚಿಕೆಯಾಯಿತು.

"ಇದು ತೆಗೆಯೋದು ಬೇಡ," ಎಂದಳು. "ನಾನು ಹೇಳಿದ್ದೂ ತಪ್ಪು. ಏಟು ತಿಂದಿದ್ದು ಮಾತ್ರ ತೋರಿಸಿ, ಮಾರನೇ ಬೆಳಿಗ್ಗೆ ಎದ್ದು ಹೋಗಿದ್ದನ್ನ ಬಿಟ್ಟುಬಿಡ್ತಿದ್ದೆ."

ಅವಳು ಒಳಗಿನಿಂದ ಸೂಜಿ, ದಪ್ಪ ದಾರ ತಂದಳು. ಕಣ್ಣು ಮಂಜಾಗಿ ದಾರ ಪೋಣಿಸಲಾಗಲಿಲ್ಲ. ಲೂಷಸ್ ಸೂಜಿ ಕಸಿದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಗೊಣಗಿಕೊಂಡು ಕೊನೆಗೂ ಪೋಣಿಸಿದ. ಅವಳು ಬಿಚ್ಚಿದ ಹೊಲಿಗೆಗಳನ್ನು ಒಂದೊಂದಾಗಿ ಮತ್ತೆ ಹಾಕುತ್ತಾ ಬಂದಳು. ಕೊನೆಯ ಮೂಲೆಗೆ ಬಂದಾಗ ಅಣ್ಣನ ಕೈ ಅಡ್ಡ ಬಂತು.

"ಅಷ್ಟು ಬಿಡು. ಆ ಮೂಲೆ ಹೊಲೀಬೇಡ."

ಅವನೇ ಬಗ್ಗಿ ಕೌದಿಯ ಮೂಲೆಯನ್ನು ಹಿಂದಕ್ಕೆ ಮಡಚಿದ. ನೀಲಿ ಗುರುತಿನ ಕಾಲರು ಕಾಣುವಷ್ಟೇ ಮಡಚಿ, ಅಂಗೈಯಿಂದ ಒತ್ತಿ ನೇವರಿಸಿದ.

ಆಮೇಲೆ ರೆಕ್ಸಿನ್ ಸುರುಳಿಯನ್ನೂ ಬಣ್ಣದ ಡಬ್ಬಿಗಳನ್ನೂ ಟ್ರಕ್ಕಿಗೆ ಹೊತ್ತು ಹಾಕಿ ಬಂದ. ತಂದ ಸಾಮಾನಿನಲ್ಲಿ ಒಂದು ಹಳೆಯ ಬಟ್ಟೆ ಮಾತ್ರ ಅವನ ಕೈಯಲ್ಲಿ ಉಳಿದಿತ್ತು. ಅದರಿಂದ ಬಾಗಿಲ ಮೇಲಿನ ಚರ್ಚಿನ ಹೆಸರನ್ನು ಮೆಲ್ಲಗೆ ಒರೆಸಿದ, ಹಿಂದೆ ದಿನಾ ಒರೆಸುತ್ತಿದ್ದ ಹಾಗೆ. ತಗ್ಗುಗಳ ಮೇಲೂ ಒರೆಸಿದ. ಕೊನೆಗೆ ಮುಂದಿನ ಬಾಗಿಲು ತೆಗೆದು ಸ್ಟೀರಿಂಗಿನ ಮುಂದೆ ಕುಳಿತ. ಆ ವರ್ಷ ಕಳೆದ ಮೇಲೆ ಅವನು ಅಲ್ಲಿ ಕೂತದ್ದು ಇದೇ ಮೊದಲು.

"ಸೊಪ್ಪು ಹಂಗೇ ಬಿದ್ದಿದೆ ಕಣೋ," ಎಂದಳು ಓಝೆಲ್ಲಾ.

"ಬಿದ್ದಿರ್ಲಿ. ಹಿಂದೆ ಕೂತ್ಕೋ. ನೀನು ಯಾವತ್ತೂ ಈ ಗಾಡೀಲಿ ಬಂದವಳಲ್ಲ. ಯಾರ್ಯಾರು ಎಲ್ಲೆಲ್ಲಿ ಹತ್ತುತಿದ್ರು ಹೇಳ್ತೀನಿ."

ಅವಳು ಕೌದಿಯ ಮೇಲೆ ಕುಳಿತಳು. ಲೂಷಸ್ ಕೈ ಎತ್ತಿ ಚಾವಣಿ ನೋಡುತ್ತಿದ್ದ ಕನ್ನಡಿಯನ್ನು ಹಿಡಿದ. ಅದು ತುಕ್ಕಿನಿಂದ ಬಿಗಿದಿತ್ತು. ಒಮ್ಮೆ ಕಿರುಗುಟ್ಟಿ, ಹಿಂದಿನ ಸೀಟು ಪೂರ್ತಿ ಕಾಣುವಷ್ಟು ಕೆಳಗೆ ಬಂತು.