ಅಟ್ಟದ ಜೋಡಿ ಕಾಯಿ

ಒದ್ದೆಯಾದ ತೆಂಗಿನ ಸಿಪ್ಪೆಗೆ ಒಂದು ವಾಸನೆ ಇದೆ. ಹೊಗೆ, ಮಣ್ಣು, ಸ್ವಲ್ಪ ಎಣ್ಣೆ ಎಲ್ಲ ಬೆರೆತದ್ದು. ನಾನು ಚಿಕ್ಕವಳಿದ್ದಾಗ ಕಂದಿಕೆರೆಯಲ್ಲಿ ನಮ್ಮಪ್ಪ ಎರಡು ಒಣಕಾಯಿಗಳನ್ನು ಸಿಪ್ಪೆ ಸಮೇತ ಜೋಡಿ ಕಟ್ಟಿ, ನನ್ನ ಎದೆಯಡಿಗೆ ಕೊಟ್ಟು ತೋಟದ ಬಾವಿಗೆ ಇಳಿಸಿದ್ದರು. ಆ ಕಾಯಿಗಳ ಮೇಲೆ ಗಲ್ಲ ಊರಿಕೊಂಡೇ ನಾನು ಈಜು ಕಲಿತೆ. ಬಾವಿಯ ನೀರು ತಣ್ಣಗಿತ್ತೋ ಇಲ್ಲವೋ ಈಗ ನೆನಪಿಲ್ಲ. ವಾಸನೆ ಮಾತ್ರ ಹಾಗೇ ಇದೆ.

ಅದು ಮತ್ತೆ ನೆನಪಾದದ್ದು ಈ ಸಲ ಸಂಕ್ರಾಂತಿ ಕಳೆದ ಮೇಲೆ, ಮೊಮ್ಮಗಳು ಲಿಖಿತಾಳ ದೆಸೆಯಿಂದ. ತಿಪಟೂರಿನ ಕಾಲೇಜಿಗೆ ಹೊನ್ನವಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗಿ, ಒಂದು ಸಂಜೆ ಬಂದವಳೇ ಎಲ್ಲರೂ ಕಾವೇರಿ ದಂಡೆಗೆ ಹೋಗೋಣ ಎಂದಳು. ಅಲ್ಲಿ ಕಾಡಿನೊಳಗೆ ಶಿಬಿರವಿದೆಯಂತೆ. ರಾತ್ರಿ ಟೆಂಟಿನಲ್ಲಿ ಮಲಗುವುದು, ಹಗಲು ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ನಾವೇ ಹುಟ್ಟು ಹಾಕುವುದು.

"ಮನೇಲಿ ಮಂಚ ಇದ್ದೂ ಕಾಡಲ್ಲಿ ಮಲಗೋರುಂಟೇನೇ?" ಎಂದರು ನಮ್ಮ ಯಜಮಾನರು ಮಲ್ಲಿಕಾರ್ಜುನಯ್ಯ.

"ನೆಲದ ಮೇಲಲ್ಲ ತಾತ, ಸ್ಲೀಪಿಂಗ್ ಬ್ಯಾಗ್ ಕೊಡ್ತಾರೆ. ಅದರೊಳಗೆ ನುಗ್ಗಿ ಜಿಪ್ ಎಳ್ಕೊಳ್ಳೋದು."

"ರಾಗಿ ಮೂಟೆ ಥರ. ನೀವು ಹೋಗ್ಬನ್ನಿ. ನಾನು ಹಸು ನೋಡ್ಕೊಂಡು ಇರ್ತೀನಿ."

ನಾನು ಬರುತ್ತೇನೆ ಎಂದೆ. ದಡದ ಹತ್ತಿರ ಹರಿಗೋಲಿನಲ್ಲಿ ಮಗ ರುದ್ರೇಶನ ಜೊತೆ ಒಂದು ಸುತ್ತು ಹಾಕಿದರೆ ನನಗೆ ಸಾಕು. ಕಯಾಕಿನಲ್ಲಿ ಇಬ್ಬರು ಕೂರಬೇಕು, ಲಿಖಿತಾಗೆ ಜೊತೆಗೆ ಅವಳ ಅಮ್ಮನೇ ಬೇಕು. ಅವಳಮ್ಮ, ನನ್ನ ಸೊಸೆ ಮಧುಶ್ರೀ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ತಿನ್ನುವವಳು. ಮದುವೆಯಾಗಿ ಬಂದ ಮೇಲೆ ತವರು ಬಿಟ್ಟು ಬೇರೆಲ್ಲೂ ರಾತ್ರಿ ತಂಗಿದವಳಲ್ಲ.

ಮರುದಿನದಿಂದ ಅಂಗಳದಲ್ಲಿ ತಾಲೀಮು ಶುರುವಾಯಿತು. ಅಮ್ಮನಿಗೆ ತೋರಿಸಲೆಂದು ಹಳೆಯ ಬೆಂಚಿನ ಮೇಲೆ ಅಪ್ಪ ಮಗಳು ಹಿಂದೆ ಮುಂದೆ ಕೂತು, ತೆಂಗಿನ ಗರಿಯ ಒಣ ದಿಂಡನ್ನೇ ಹುಟ್ಟು ಮಾಡಿಕೊಂಡು ಗಾಳಿಯಲ್ಲಿ ನೀರು ದೂಡುತ್ತಿದ್ದರು.

"ಅಪ್ಪ, ನೀನು ಎಡಕ್ಕೆ ಹಾಕ್ದಾಗ ನಾನೂ ಎಡಕ್ಕೇ ಹಾಕ್ಬೇಕು."

"ನಾನು ಸರಿಯಾಗೇ ಹಾಕ್ತಿದೀನಿ ಕಣೇ. ದೋಣೀನೇ ಸರಿಯಿಲ್ಲ."

ಮಧುಶ್ರೀ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಬಾ ಅಂದರೆ ಒಲೆಯ ನೆಪ, ಹಸುವಿನ ನೆಪ. ಪಕ್ಕದ ಮನೆಯ ಚಿಕ್ಕಗೌರಮ್ಮ "ಹಾಲು ನಾನು ಕರ್ಕೋತೀನಿ ಬುಡವ್ವ, ಹೋಗ್ಬಾ" ಎಂದು ಒಂದು ನೆಪ ತೆಗೆದು ಹಾಕಿದರು. ಆಗ ಕಾಯಿ ಸುಲಿಯುವವರು ಬರುತ್ತಾರೆ ಎಂದಳು. ಅವರು ಬರುವುದು ಮುಂದಿನ ತಿಂಗಳು.

ಶನಿವಾರ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ತಾನಾಗಿಯೇ ಹೇಳಿದಳು. "ಅತ್ತೆ, ಚಿಕ್ಕೋಳಿದ್ದಾಗ ಕೆರೆ ಮೆಟ್ಲಲ್ಲಿ ಕಾಲು ಜಾರಿತ್ತು. ಯಾರೋ ಜಡೆ ಹಿಡ್ದು ಎಳ್ಕೊಂಡ್ರು. ಈಗ್ಲೂ ನೀರಂದ್ರೆ ಭಯ. ಮಗೂಗೆ ಹೇಳ್ಬೇಡಿ. ಅವಳು ಅಷ್ಟು ಆಸೆ ಇಟ್ಕೊಂಡವಳೆ."

"ನಿಂಗೆ ಆಸೆ ಇಲ್ವಾ?"

ಅವಳು ಸ್ವಲ್ಪ ಹೊತ್ತು ಕಾಳು ಬಿಡಿಸಿದಳು. "ಐತೆ," ಎಂದಳು.

ಶಿಬಿರದವರಿಗೆ ಭಾನುವಾರ ಸಂಜೆಯೊಳಗೆ ಹೆಸರು ಹೇಳಬೇಕಿತ್ತು. ಭಾನುವಾರ ಬೆಳಿಗ್ಗೆ ಲಿಖಿತಾ ಟ್ಯೂಷನ್ನಿಗೆ ಹೋದಮೇಲೆ ನಾನು ಮಧುವನ್ನು ತೋಟದ ತೊಟ್ಟಿಗೆ ಕರೆದುಕೊಂಡು ಹೋದೆ. ಬೋರಿನ ನೀರು ತುಂಬಿಸುವ ಸಿಮೆಂಟ್ ತೊಟ್ಟಿ, ನಿಂತರೆ ಎದೆಮಟ್ಟ. ಎರಡು ಕಾಯಿ ಜೋಡಿ ಕಟ್ಟಿಕೊಡು ಎಂದು ರುದ್ರೇಶನಿಗೆ ಹೇಳಿದ್ದೆ. ಅವನು ಅಂಗಳದ ರಾಶಿಯಿಂದ ಎರಡು ದಪ್ಪನೆಯವನ್ನು ಆರಿಸಿ, ಸಿಪ್ಪೆಯ ನಾರು ಹೊಸೆದು ಗಂಟು ಹಾಕಿ, ನನ್ನ ಕೈಗಿಟ್ಟು ಪೇಟೆಗೆ ಹೋಗಿದ್ದ. ನಾನೂ ಎತ್ತಿ ನೋಡಲಿಲ್ಲ.

ಮಧು ಚೂಡಿದಾರದಲ್ಲೇ ಇಳಿದು, ಎದೆಯಡಿಗೆ ಕಾಯಿ ಕೊಟ್ಟು, ಕಣ್ಣು ಮುಚ್ಚಿ ಕಾಲೆತ್ತಿದಳು. ಕಾಯಿಗಳ ಸಮೇತ ಗಲ್ಲ, ಮೂಗು ಎಲ್ಲ ಮುಳುಗಿತು. ಕೆಮ್ಮುತ್ತಾ ಎದ್ದು ಗೋಡೆ ಹಿಡಿದುಕೊಂಡು, "ನನ್ ಕೈಲಾಗಲ್ಲ ಅತ್ತೆ. ಅವರಿಬ್ರೇ ಹೋಗ್ಬರ್ಲಿ," ಎಂದಳು.

ಹೊಸಕಾಯಿ ಅವು. ಒಳಗಿನ್ನೂ ನೀರಿನ ಭಾರ. ಈ ಕೆಲಸಕ್ಕೆ ಬೇಕಾದದ್ದು ಅಟ್ಟದ ಕಾಯಿ. ಸಿಪ್ಪೆ ಸಮೇತ ವರ್ಷವಿಡೀ ಅಟ್ಟದಲ್ಲಿ ಕೂತು, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುವಂಥದ್ದು. ನಮ್ಮನೆಯಲ್ಲಿ ಅದಕ್ಕೊಂದು ಕಟ್ಟಳೆ. ಅಟ್ಟಕ್ಕೆ ಕಾಯಿ ಹಾಕಿದ ಮೇಲೆ, ಕೊಬ್ಬರಿಯಾಗಿ, ಒಂದು ಸೋಮವಾರ ಪೂಜೆ ಮಾಡಿ ಇಳಿಸುವ ತನಕ ಯಾರೂ ಒಂದು ಕಾಯನ್ನೂ ಅಲುಗಿಸುವಂತಿಲ್ಲ. ನಮ್ಮ ಯಜಮಾನರ ಅಪ್ಪನ ಕಾಲದಿಂದ ಬಂದದ್ದು. ಒಮ್ಮೆ ಚಟ್ನಿಗೆಂದು ಒಂದೇ ಒಂದು ಕಾಯಿ ತೆಗೆದದ್ದಕ್ಕೆ ಇವರು ರುದ್ರೇಶನ ಜೊತೆ ಎರಡು ದಿನ ಮಾತು ಬಿಟ್ಟಿದ್ದರು.

ಆದರೂ ಕೇಳೋಣವೆಂದು, ಮಧುವಿಗೆ ಅಲ್ಲೇ ಇರಲು ಹೇಳಿ ಮನೆಗೆ ಬಂದೆ. ಜಗುಲಿಯಲ್ಲಿ ಇವರಿರಲಿಲ್ಲ. ಒಳಗೆ ಅಟ್ಟಕ್ಕೆ ಏಣಿ ಹಾಕಿತ್ತು. ಮೇಲಿಂದ ಗಡಗಡ ಎಂಬ ಸದ್ದು, ಆಮೇಲೆ ಮೌನ, ಮತ್ತೆ ಗಡಗಡ. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು.

"ಈ ವಯಸ್ಸಲ್ಲಿ ಏಣಿ ಹತ್ತೋದಾ ರೀ?"

"ಸುಮ್ನೆ ಏಣಿ ಹಿಡ್ಕೋ." ಕೆಳಗಿಳಿದು ತಲೆಯ ಧೂಳು ಕೊಡವಿಕೊಂಡರು. "ಆ ಹುಡುಗಿ ಕೆಮ್ಮಿದ್ದು ಇಲ್ಲೀಗಂಟ ಕೇಳಿಸ್ತು. ಹಸಿಕಾಯಿ ಕಟ್ಕೊಟ್ಟವ್ನೆ ನಿನ್ನ ಮಗ. ತೆಂಗಿನ ತೋಟದವನಂತೆ."

"ಅಟ್ಟ ಅಲುಗಿಸ್ಬಾರ್ದು ಅಂತಿದ್ರಲ್ಲ?"

"ಬಾಗ್ಲು ಹತ್ರದವು ಇವು. ಎರಡೇ." ಅಲ್ಲೇ ಕುಕ್ಕರಗಾಲಲ್ಲಿ ಕೂತು, ಎರಡರ ನಾರನ್ನೂ ಎಳೆದು ಹೊಸೆದು, ಮೂರು ಗಂಟು ಹಾಕಿ, ಕಾಲಲ್ಲಿ ಮೆಟ್ಟಿ ಎಳೆದು ನೋಡಿ ನನ್ನ ಕೈಗೆ ಕೊಟ್ಟರು. "ನಾನು ಕೊಟ್ಟೆ ಅನ್ಬೇಡ. ನಾಚ್ಕೋತಾಳೆ."

ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕಾಯಿ ಕೈಗೆ ಬಂದ ಕೂಡಲೇ ಮಧು ಒಮ್ಮೆ ಅಲ್ಲಾಡಿಸಿದಳು, ಗಡಗಡ ಎಂದಿತು. ಅವಳು ನನ್ನ ಮುಖ ನೋಡಿದಳು, ಮನೆಯ ಕಡೆ ನೋಡಿದಳು. ಆಮೇಲೆ ನೀರಿಗಿಳಿದಳು.

ಈ ಸಲ ಕಾಯಿಗಳು ಬೆಂಡಿನ ಹಾಗೆ ತೇಲಿದವು. ನಾನು ತೊಟ್ಟಿಯ ಗೋಡೆಯ ಮೇಲೆ ಕೂತು ಅವಳ ಬೆರಳು ಹಿಡಿದಿದ್ದೆ. ಒಂದು ಕಾಲು ಮೇಲೆ ಬಂತು, ಆಮೇಲೆ ಇನ್ನೊಂದು. ಒದ್ದೆ ಸಿಪ್ಪೆಯ ವಾಸನೆ ಮೆಲ್ಲಗೆ ಎದ್ದಿತು. ಎಷ್ಟೋ ಹೊತ್ತಿನ ಮೇಲೆ ಅವಳೇ ನನ್ನ ಬೆರಳು ಬಿಟ್ಟು, ಕಾಲು ಬಡಿದು, ಎದುರಿನ ಗೋಡೆ ಮುಟ್ಟಿದಳು.

"ಅತ್ತೆ, ಅಲ್ಲಿ ಲೈಫ್ ಜಾಕೆಟ್ಟೂ ಕೊಡ್ತಾರಲ್ವಾ?"

"ಕೊಡ್ತಾರಂತೆ."

"ಹಂಗಾದ್ರೆ ಮುಂದಿನ ಸೀಟು ನಂದು. ಅವಳು ಹಿಂದೆ ಕೂತು ತಿರುಗಿಸ್ಕೊಳ್ಳಿ." ಮತ್ತೆ ಈ ಕಡೆಯ ಗೋಡೆಗೆ ಬಂದಳು. "ಲಿಖಿಗೆ ಫೋನ್ ಮಾಡಿ ನನ್ನ ಹೆಸರು ಹೇಳೋಕೆ ಹೇಳ್ಬಿಡಿ. ಆಮೇಲೆ ಮನಸ್ಸು ಬದ್ಲಾದ್ರೆ ಕಷ್ಟ."

ನಾನು ಅಲ್ಲೇ ಫೋನ್ ಮಾಡಿದೆ. ಹುಡುಗಿ, "ಅಮ್ಮಂಗೆ ನೀರಂದ್ರೆ ಭಯ ಅಂತ ನಂಗೊತ್ತಿತ್ತು ಅಜ್ಜಿ. ಅದಕ್ಕೇ ಜೊತೆಗೆ ಬಾ ಅಂದಿದ್ದು," ಎಂದಳು.

ಮಧು ಮೇಲೆ ಬಂದಾಗ ಹಲ್ಲು ಕಟಕಟ ಎನ್ನುತ್ತಿತ್ತು. ಟವೆಲ್ ಸುತ್ತಿಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಳು. ಅಷ್ಟರಲ್ಲಿ ತೆಂಗಿನ ಮರಗಳ ನಡುವೆ ಇವರು ಬರುವುದು ಕಾಣಿಸಿತು, ಕೈಯಲ್ಲಿ ತಟ್ಟೆ. ಬೆಳಿಗ್ಗೆ ಅವಳೇ ತಟ್ಟಿ ಎಲ್ಲರಿಗೂ ಕೊಟ್ಟು ತನಗೆಂದು ಮುಚ್ಚಿಟ್ಟಿದ್ದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೇಲೆ ಬೆಣ್ಣೆ ಬೇರೆ. ರೊಟ್ಟಿಯ ಅಂಚು ಒಂದು ಕಡೆ ಕಪ್ಪಗಾಗಿತ್ತು, ಬಿಸಿ ಮಾಡಲು ಹೋಗಿದ್ದರು.

ಮಾವ ಬಂದರೆಂದು ಅವಳು ಏಳಲು ಹೋದಳು. ಇವರು ಕೂತುಕೋ ಎಂಬಂತೆ ಕೈ ಮಾಡಿ, ತಟ್ಟೆಯನ್ನು ಅವಳ ಕೈಗಿಟ್ಟು, ತೊಟ್ಟಿಯಲ್ಲಿ ತೇಲುತ್ತಿದ್ದ ಅಟ್ಟದ ಕಾಯಿಗಳನ್ನು ಒಣಗಿಸಲೆಂದು ತೆಗೆದುಕೊಂಡು ಮನೆಯ ಕಡೆ ನಡೆದರು.